ಅಪ್ಪನ ಆಲದಮರ, ಮಗನ ಎರಡು ವಾರ

ಇಟಲಿಯ ಟ್ರಿಯೆಸ್ತೆ ಊರಿನಲ್ಲಿ ಅಬ್ದುಸ್ ಸಲಾಂ 1964ರಲ್ಲಿ ಶುರುಮಾಡಿದ ಭೌತವಿಜ್ಞಾನ ಕೇಂದ್ರವಿದೆಯಲ್ಲ, ನಮ್ಮ ಕಡೆಯ ಫಿಸಿಕ್ಸ್ ಮೇಷ್ಟ್ರುಗಳೂ ಹೋಗಿಬರುವ ಜಾಗ. ನನ್ನ ಹಳೇ ಗೆಳೆಯನೊಬ್ಬ ಅಲ್ಲಿ ಕೆಲವು ತಿಂಗಳು ಇದ್ದ. ನಾಲ್ಕು ದಿನ ಇದ್ದು ಬರೋಣ ಅಂತ ಹೋದವನಿಗೆ ಮೊದಲ ಸಂಜೆಯೇ ಮೇಜಿನ ಮೇಲೆ ಎರಡು ಬಾಟಲಿ ಇಟ್ಟ. ಒಂದು ಅರ್ಧ ಲೀಟರಿನದು, ಕತ್ತು ಸಣ್ಣ, ಬಿರಡೆಯೂ ಸಣ್ಣ. ಇನ್ನೊಂದು ಎಲ್ಲ ಅಂಗಡಿಯಲ್ಲೂ ಸಿಗುವ ಮಾಮೂಲಿ ಅಳತೆಯದು. ಎರಡರ ಮೇಲೂ ಒಂದೇ ಮನೆತನದ ಹೆಸರು: ರಾಡಿಕೋನ್.

ಚಿಕ್ಕ ಬಾಟಲಿಯಿಂದ ಮೊದಲು ಬಗ್ಗಿಸಿದ. ಬಣ್ಣ ನೋಡಿದರೆ ಜೇನುತುಪ್ಪಕ್ಕೂ ಡಿಕಾಕ್ಷನ್ನಿಗೂ ನಡುವೆ ಎಲ್ಲೋ ಇದೆ.

"ವೈಟ್ ವೈನ್ ಅಂದೆ. ಇದೇನೋ ಇದು?"

"ಕುಡಿದು ನೋಡೋ ಮಾರಾಯ."

ಕುಡಿದೆ. ಒಗರು. ಎಳೆ ನೆಲ್ಲಿಕಾಯಿ ಕಚ್ಚಿದಾಗ ನಾಲಿಗೆ ಅಂಚಿನಲ್ಲಿ ಹಿಡಿದುಕೊಳ್ಳುತ್ತಲ್ಲ, ಆ ಒಗರು. ಹಿಂದೆಯೇ ಒಣ ಏಪ್ರಿಕಾಟ್, ಕಿತ್ತಳೆ ಸಿಪ್ಪೆ, ತಣ್ಣಗಾದ ಚಹಾ. ಬಿಳಿ ವೈನ್ ಅಂದರೆ ಐಸಿನಲ್ಲಿಟ್ಟು ಶರಬತ್ತಿನ ಹಾಗೆ ಕುಡಿಯುವುದು ಅಂದುಕೊಂಡಿದ್ದ ನನಗೆ ಇದು ಬೇರೆಯೇ ಪದಾರ್ಥ ಅನ್ನಿಸ್ತು. ಆಮೇಲೆ ದೊಡ್ಡ ಬಾಟಲಿಯದು ಕುಡಿದೆವು. ಅದೂ ಹೊಂಬಣ್ಣವೇ, ಅದರಲ್ಲೂ ಒಗರಿತ್ತು, ಆದರೆ ಹದವಾಗಿ. ಹಣ್ಣಿನ ರುಚಿ ಮುಂದೆ, ಒಗರು ಹಿಂದೆ. ಗೆಳೆಯ ತೀರ್ಪು ಕೊಟ್ಟೇಬಿಟ್ಟ: "ಮೊದಲನೇದು ಅಪ್ಪ ಶುರುಮಾಡಿದ್ದು, ಅದೇ ಅಸಲಿ. ಎರಡನೇದು ಮಗನದು. ಅಂಗಡಿಯವರಿಗೋಸ್ಕರ ನೀರು ಮಾಡಿದಾನೆ."

ಆ ಸಂಜೆ ನಾನೂ ಹೂಂ ಅಂದೆ. ಈಗ ಆ ಹೂಂ ವಾಪಸ್ ತಗೊಳ್ಳೋಕೆ ಈ ಬರಹ. ಪೂರ್ತಿ ವಾಪಸ್ಸಲ್ಲ, ಮುಕ್ಕಾಲು ಪಾಲು.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಕೆಂಪು ವೈನಿಗೆ ಬಣ್ಣವೂ ಒಗರೂ ಬರುವುದು ದ್ರಾಕ್ಷಿಯ ಸಿಪ್ಪೆಯಿಂದ. ಸಿಪ್ಪೆ, ಬೀಜ, ರಸ ಎಲ್ಲ ಒಟ್ಟಿಗೇ ತೊಟ್ಟಿಯಲ್ಲಿ ಹುದುಗು ಬರುತ್ತೆ. ಬಿಳಿ ವೈನಿಗೆ ಹಾಗಲ್ಲ. ಹಣ್ಣನ್ನು ಕೂಡಲೇ ಹಿಂಡಿ, ಸಿಪ್ಪೆ ಬಿಸಾಕಿ, ಬರೀ ರಸಕ್ಕೆ ಹುದುಗು ಬರಿಸುತ್ತಾರೆ. ಒಸ್ಲಾವಿಯಾದ ಈ ವೈನುಗಳು ಬಿಳಿ ದ್ರಾಕ್ಷಿಯನ್ನು ಕೆಂಪು ದ್ರಾಕ್ಷಿಯ ಹಾಗೆ ನಡೆಸಿಕೊಂಡವು. ಸಿಪ್ಪೆಯ ಜೊತೆ ಕೊಳೆಹಾಕಿ, ದಿನಗಟ್ಟಲೆ, ವಾರಗಟ್ಟಲೆ, ಕೊನೆಗೆ ತಿಂಗಳುಗಟ್ಟಲೆ ಬಿಟ್ಟವು. ಇವಕ್ಕೆ 'ಆರೆಂಜ್ ವೈನ್' ಅನ್ನುವ ಹೆಸರು ಬಂದದ್ದು 2004ರಲ್ಲಿ, ಡೇವಿಡ್ ಹಾರ್ವೆ ಎಂಬ ಬ್ರಿಟಿಷ್ ವೈನ್ ವ್ಯಾಪಾರಿಯ ಬಾಯಿಂದ. ಕಿತ್ತಳೆಗೂ ಇದಕ್ಕೂ ಬಣ್ಣದ ಸಂಬಂಧ ಮಾತ್ರ.

ಮಾರನೇ ದಿನ ರೈಲು ಹತ್ತಿ ಗೊರಿತ್ಸಿಯಾಕ್ಕೆ ಹೋದೆವು. ಒಸ್ಲಾವಿಯಾ ಆ ಊರಿನ ಮಗ್ಗುಲಲ್ಲೇ ಇರುವ ಗುಡ್ಡದ ಹಳ್ಳಿ. ವೈನ್ ಮನೆಗಳ ಬಾಗಿಲು ತಟ್ಟಲಿಲ್ಲ, ಅಷ್ಟು ಧೈರ್ಯ ಬರಲಿಲ್ಲ. ಆದರೆ ಗುಡ್ಡ ಹತ್ತುವವರಿಗೆ ಮೊದಲು ಎದುರಾಗುವುದು ದ್ರಾಕ್ಷಿತೋಟ ಅಲ್ಲ, ಮೂಳೆಮನೆ. ಕೋಟೆಯಂಥ ಬಿಳಿ ಕಟ್ಟಡ, 1938ರದು. ಒಳಗೆ 57 ಸಾವಿರಕ್ಕೂ ಹೆಚ್ಚು ಸೈನಿಕರ ಅವಶೇಷ. 1915ರಿಂದ 1917ರ ತನಕ ಇಸೊಂಜೊ ನದಿಯ ಗುಂಟ 12 ಕದನ ನಡೆದವು. ಒಸ್ಲಾವಿಯಾ ಆಗ ನೆಲಸಮವಾಗಿತ್ತು. ಯುದ್ಧಕ್ಕೆ ಮುಂಚೆ ಈ ಜಾಗ ಆಸ್ಟ್ರಿಯಾ-ಹಂಗೆರಿಯದು, ಆಮೇಲೆ ಇಟಲಿಯದು. ಇಲ್ಲಿನ ಮನೆಗಳಲ್ಲಿ ಆಡುವ ಮಾತು ಸ್ಲೊವೇನಿಯನ್. ಮುಸೊಲಿನಿಯ ಕಾಲದಲ್ಲಿ ಆ ಭಾಷೆಯನ್ನು ಶಾಲೆಯಲ್ಲಿ ಕಲಿಸುವಂತಿರಲಿಲ್ಲ, ಮನೆತನದ ಹೆಸರುಗಳನ್ನೂ ಇಟಾಲಿಯನ್ ಮಾಡಿದರು. 1947ರಲ್ಲಿ ಗಡಿ ಊರಿನ ಅಂಚಿಗೇ ಬಂತು. ಆಚೆ ಯುಗೊಸ್ಲಾವಿಯಾ, ಈಚೆ ಇಟಲಿ.

ಈ ಗುಡ್ಡದಲ್ಲಿ ನಿಂತಾಗಲೇ ನನ್ನ ಗೆಳೆಯನ 'ಅಸಲಿ' ಅನ್ನುವ ಮಾತು ಅಲುಗಾಡಿದ್ದು. ವೈನಿನ ಬಗ್ಗೆ ಬರೆಯುವವರಿಗೆ, ನನ್ನನ್ನೂ ಸೇರಿಸಿ, ಒಂದು ಚಟವಿದೆ. ಒಂದು ಮನೆತನ, ಅಜ್ಜ, ಅಪ್ಪ, ಮಗ, ಅವಿಚ್ಛಿನ್ನ ಪರಂಪರೆ ಅಂತ ಒಂದೇ ಉಸಿರಿಗೆ ಬರೆದುಬಿಡುವುದು. ಒಸ್ಲಾವಿಯಾದಲ್ಲಿ ಯಾವ ಪರಂಪರೆ ಅವಿಚ್ಛಿನ್ನವಾಗಿ ಉಳಿದೀತು? ತೋಟ ಹೋಯಿತು, ಮನೆ ಹೋಯಿತು, ದೇಶ ಬದಲಾಯಿತು, ಮಾತು ಬಾಯಿ ಮುಚ್ಚಿಕೊಂಡಿತು. ಇಲ್ಲಿ ಪರಂಪರೆ ಅನ್ನುವುದು ಯಾರೋ ಕೈಗೆ ಕೊಟ್ಟದ್ದಲ್ಲ, ಮಣ್ಣಿನಿಂದ ಕೆದಕಿ ತೆಗೆದದ್ದು.

ಕೆದಕಿ ತೆಗೆದವರಲ್ಲಿ ಸ್ಟಾಂಕೊ ರಾಡಿಕೋನ್ ಒಬ್ಬ. 1980ರ ಆಸುಪಾಸಿನಲ್ಲಿ ತೋಟ ಅವನ ಕೈಗೆ ಬಂದಾಗ ಫ್ರಿಯುಲಿ ಪ್ರಾಂತ್ಯದ ಬಿಳಿ ವೈನಿನ ಶೈಲಿ ಆಗಲೇ ಬದಲಾಗಿತ್ತು. ಮಾರಿಯೊ ಸ್ಕಿಯೊಪೆತ್ತೊ ಥರದವರು ಜರ್ಮನ್ ತಾಂತ್ರಿಕತೆ ತಂದು, ಉಕ್ಕಿನ ತೊಟ್ಟಿ, ತಣ್ಣನೆ ಹುದುಗು, ಗಾಜಿನಷ್ಟು ತಿಳಿಯಾದ ವೈನು ಮಾಡಿ ತೋರಿಸಿದ್ದರು. ಅದೇನೂ ಕೆಟ್ಟ ಕೆಲಸವಲ್ಲ. ಮನೆಯಲ್ಲೇ ಕುಡಿದು ಮುಗಿಸುತ್ತಿದ್ದ ವೈನು ಬಾಟಲಿಯಲ್ಲಿ ಊರೂರಿಗೆ ಹೋಯಿತು, ರೈತರ ಕೈಗೆ ನಾಲ್ಕು ಕಾಸು ಬಂತು. ಸ್ಟಾಂಕೊ ಕೂಡ ಕಾಲದ ಜೊತೆಗೇ ನಡೆದ. ಸಣ್ಣ ಓಕ್ ಪೀಪಾಯಿಗಳ ಫ್ಯಾಷನ್ನನ್ನೂ ನೋಡಿದ.

ಆದರೆ ರಿಬೊಲ್ಲಾ ಅನ್ನುವ ಅಲ್ಲಿನ ಸ್ವಂತ ದ್ರಾಕ್ಷಿ ಈ ಹೊಸ ವಿಧಾನಕ್ಕೆ ಬಗ್ಗಲಿಲ್ಲ. ರಿಬೊಲ್ಲಾದ ಸಿಪ್ಪೆ ದಪ್ಪ, ರಸ ಸಪ್ಪೆ. ಸಿಪ್ಪೆ ಬಿಸಾಕಿ ರಸ ಮಾತ್ರ ಇಟ್ಟುಕೊಂಡರೆ ಬರೀ ಹುಳಿ ಉಳಿಯುತ್ತೆ. ತೋಟದಲ್ಲಿ ನಿಂತು ಹಣ್ಣು ತಿಂದರೆ ಸಿಗುವ ರುಚಿ ಬಾಟಲಿಯಲ್ಲಿ ಸಿಗುತ್ತಿರಲಿಲ್ಲ. ಆಗ ಸ್ಟಾಂಕೊ ತಾಯಿಯ ಕಡೆಯ ಅಜ್ಜನ ವಿಧಾನವನ್ನು ನೆನಪು ಮಾಡಿಕೊಂಡ. ಅಜ್ಜನ ಕಾಲದಲ್ಲಿ ಸಿಪ್ಪೆಯ ಜೊತೆಗೇ ಹುದುಗು ಬರಿಸುತ್ತಿದ್ದರು. ಅದು ಕಲೆಯ ಕಾರಣಕ್ಕಲ್ಲ, ವೈನು ಮುಂದಿನ ಸುಗ್ಗಿಯ ತನಕ ಕೆಡದೆ ಇರಲಿ ಅಂತ. 1995ರಲ್ಲಿ ಸ್ಟಾಂಕೊ ರಿಬೊಲ್ಲಾವನ್ನು ಸಿಪ್ಪೆಯ ಜೊತೆ ಬಿಟ್ಟು ನೋಡಿದ.

ಎಷ್ಟು ದಿನ ಗೊತ್ತಾ? ಒಂದು ವಾರ.

ಈ ಒಂದು ವಾರವನ್ನು ಜ್ಞಾಪಕ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ ಅವನು ವರ್ಷದಿಂದ ವರ್ಷಕ್ಕೆ ದಿನ ಹೆಚ್ಚಿಸುತ್ತ ಹೋದ. ಕಡೆಗೆ ಮೂರು ತಿಂಗಳ ಆಸುಪಾಸಿಗೆ ಬಂದು ನಿಂತ. ಅದಾದ ಮೇಲೆ ದೊಡ್ಡ ಓಕ್ ಪೀಪಾಯಿಯಲ್ಲಿ ಮೂರು ವರ್ಷಕ್ಕೂ ಮಿಕ್ಕಿ, ಆಮೇಲೆ ಬಾಟಲಿಯಲ್ಲಿ ಇನ್ನೊಂದಿಷ್ಟು ಕಾಲ. ತಾನಾಗಿ ಬಂದ ಯೀಸ್ಟು, ಸೋಸುವುದಿಲ್ಲ. 2002ರಿಂದ ಸಲ್ಫರ್ ಹಾಕುವುದನ್ನೂ ನಿಲ್ಲಿಸಿದ. ಗಾಳಿ ತಾಗಿ ವೈನು ಹಾಳಾಗದಿರಲಿ ಅಂತ ಎಲ್ಲರೂ ಹಾಕುವ ಗಂಧಕ ಅದು. ಅದನ್ನು ಬಿಡೋದಕ್ಕೆ ಧೈರ್ಯ ಎಲ್ಲಿಂದ ಬಂತು ಅಂದರೆ, ಸಿಪ್ಪೆಯ ಒಗರಿನಿಂದ. ಮೂರು ತಿಂಗಳು ನೆನೆದ ಸಿಪ್ಪೆ ಬಿಟ್ಟುಕೊಟ್ಟ ಒಗರೇ ವೈನಿಗೆ ಕಾವಲು. ಬಾಟಲಿಯನ್ನೂ ಅವನು ಬಿಡಲಿಲ್ಲ. 750 ಮಿಲಿಲೀಟರ್ ಒಬ್ಬನಿಗೆ ಜಾಸ್ತಿ, ಇಬ್ಬರಿಗೆ ಕಮ್ಮಿ ಅಂತ, ಒಬ್ಬರಿಗೆ ಅರ್ಧ ಲೀಟರಿನದು, ಇಬ್ಬರಿಗೆ ಒಂದು ಲೀಟರಿನದು ಮಾಡಿಸಿದ. ಕತ್ತು, ಬಿರಡೆ ಎರಡನ್ನೂ ಸಣ್ಣ ಮಾಡಿಸಿದ. ಊಟಕ್ಕೆ ಕೂತವರ ಲೆಕ್ಕ ಹಾಕಿ ಬಾಟಲಿ ಮಾಡಿಸಿದ ಮನುಷ್ಯನ ಬಗ್ಗೆ ನನಗೆ ಅಪಾರ ಪ್ರೀತಿ.

ಹಟವೂ ಇತ್ತು, ತಮಾಷೆಯೂ ಇತ್ತು. ಅಲ್ಲಿನವರು ತಲೆಮಾರುಗಳಿಂದ ಟೊಕಾಯ್ ಅಂತ ಕರೆಯುತ್ತಿದ್ದ ಒಂದು ದ್ರಾಕ್ಷಿಯ ಹೆಸರು ಹಂಗೆರಿಯ ಟೊಕಾಯ್ ವೈನಿನ ಜೊತೆ ಗೊಂದಲ ಮಾಡುತ್ತೆ ಅಂತ ತಕರಾರು ಬಂದು, 2007ರಿಂದ ಇಟಲಿಯವರು ಆ ಹೆಸರು ಬಳಸುವಂತಿಲ್ಲ ಅಂತಾಯಿತು. ಅಂಥ ವೈನಿಗೆ ಸ್ಟಾಂಕೊ ಇಟ್ಟ ಹೆಸರು ಯಾಕೊತ್. ಟೊಕಾಯ್ ಅನ್ನುವುದನ್ನು ರೋಮನ್ ಲಿಪಿಯಲ್ಲಿ ಬರೆದು ಬಲದಿಂದ ಎಡಕ್ಕೆ ಓದಿ, ಯಾಕೊತ್ ಸಿಗುತ್ತೆ. ಕಾನೂನಿಗೆ ತಲೆಬಾಗಿದ ಹಾಗೂ ಆಯಿತು, ಬೆನ್ನು ತಿರುಗಿಸಿದ ಹಾಗೂ ಆಯಿತು.

ಈಗ ಮಗನ ವಿಷಯಕ್ಕೆ ಬರೋಣ. ಸಾಶಾ ರಾಡಿಕೋನ್ ಅಪ್ಪನ ಜೊತೆಗೇ ಕೆಲಸ ಮಾಡಿದವನು. ಅಪ್ಪ ತೀರಿಕೊಂಡದ್ದು 2016ರಲ್ಲಿ. ಆದರೆ ಸಾಶಾನ ಹೊಸ ಸಾಲಿನ ವೈನುಗಳು ಶುರುವಾದದ್ದು 2009ರ ಸುಗ್ಗಿಯಿಂದ, ಅಪ್ಪ ಬದುಕಿದ್ದಾಗಲೇ. 'ಅಪ್ಪ ಹೋದ ಮೇಲೆ ಮಗ ಬದಲಾಯಿಸಿದ' ಅನ್ನುವ ಕಥೆ ಅಲ್ಲಿಗೇ ಬಿತ್ತು. ಹೊಸ ಸಾಲಿನಲ್ಲಿ ಎರಡು ಬಿಳಿ ವೈನು. ಸ್ಲಾತ್ನಿಕ್, ಇದರಲ್ಲಿ ಶಾರ್ಡೊನೆಯ ಜೊತೆ ಆ ಹಳೇ ಟೊಕಾಯ್ ದ್ರಾಕ್ಷಿಯ ಬೆರಕೆ. ಸಿವಿ, ಅಂದರೆ ಸ್ಲೊವೇನಿಯನ್‌ನಲ್ಲಿ ಬೂದು, ಪಿನೊ ಗ್ರಿಜೊ ದ್ರಾಕ್ಷಿಯದು. ಈ ದ್ರಾಕ್ಷಿಯ ಸಿಪ್ಪೆಗೆ ನಸುಗೆಂಪು ಬಣ್ಣವಿರುವುದರಿಂದ ವೈನು ತಾಮ್ರದ ಬಣ್ಣಕ್ಕೆ ತಿರುಗುತ್ತೆ. ಸಿಪ್ಪೆಯ ಜೊತೆ ಇರುವುದು ಎರಡು ವಾರದ ಆಸುಪಾಸು. ಪೀಪಾಯಿಯಲ್ಲಿ ಸುಮಾರು ಒಂದೂವರೆ ವರ್ಷ. ಬಾಟಲಿಗೆ ತುಂಬುವಾಗ ಚೂರು ಸಲ್ಫರ್. ಬಾಟಲಿ ಮಾಮೂಲಿ 750 ಮಿಲಿಲೀಟರಿನದು.

ನನ್ನ ಗೆಳೆಯನ ಆರೋಪಪಟ್ಟಿ ತಯಾರಾಗಿತ್ತು. ದಿನ ಕಮ್ಮಿ ಮಾಡಿದ, ಗಂಧಕ ಹಾಕಿದ, ಬಾಟಲಿ ಬದಲಾಯಿಸಿದ. ಮೂರೂ ನಿಜ. ಆದರೆ ಒಂದೊಂದನ್ನೇ ಎತ್ತಿ ನೋಡಿದರೆ ಬೇರೆ ಥರ ಕಾಣುತ್ತೆ.

ದಿನದ ಲೆಕ್ಕ ಮೊದಲು. ಅಪ್ಪನ ಮೊದಲ ಪ್ರಯೋಗ ಒಂದು ವಾರ, ಕೊನೆಯ ನಿಲುವು ಮೂರು ತಿಂಗಳು. ಮಗನ ಎರಡು ವಾರ ಈ ಎರಡರ ನಡುವೆಯೇ ಇದೆ. ಅಪ್ಪ ನಡೆದ ದಾರಿಯಲ್ಲೇ ಒಂದು ಕಡೆ ನಿಂತು, 'ಇಲ್ಲೂ ಒಂದು ಊರಿತ್ತಲ್ಲ, ನಾವು ದಾಟಿ ಬಂದುಬಿಟ್ಟಿದ್ವಿ' ಅಂದ ಹಾಗಿದೆ ಇದು. ಮೂರು ತಿಂಗಳೇ ಅಸಲಿ ಅನ್ನುವವರು 1995ರ ಸ್ಟಾಂಕೊನನ್ನೂ ನಕಲಿ ಅನ್ನಬೇಕಾಗುತ್ತೆ.

ಎರಡನೆಯದು ಗಂಧಕ. ಇಲ್ಲಿ ಸಾಶಾನನ್ನು ಬೈಯುವವರು ಅಪ್ಪನ ತರ್ಕವನ್ನೇ ಪೂರ್ತಿ ಕೇಳಿಸಿಕೊಂಡಿಲ್ಲ. ಗಂಧಕ ಬೇಡ ಅಂತ ಸ್ಟಾಂಕೊ ಹೇಳಿದ್ದು ಬರೀ ನಂಬಿಕೆಯಿಂದಲ್ಲ. ದೀರ್ಘಕಾಲ ಸಿಪ್ಪೆಯ ಜೊತೆಗಿದ್ದು, ವರ್ಷಗಟ್ಟಲೆ ಪೀಪಾಯಿಯಲ್ಲಿ ತಳ ಹಿಡಿದು ಕೂತ ವೈನಿಗೆ ಅದು ಬೇಡ ಅಂತ. ದಿನ ಕಮ್ಮಿಯಾದರೆ ಒಗರು ಕಮ್ಮಿ, ಒಗರು ಕಮ್ಮಿಯಾದರೆ ಕಾವಲು ಕಮ್ಮಿ. ಒಂದೂವರೆ ವರ್ಷಕ್ಕೇ ಊರು ಬಿಟ್ಟು ಹೊರಡುವ ವೈನಿಗೆ ದಾರಿಬುತ್ತಿ ಬೇಕು. ಚೂರು ಗಂಧಕ ಆ ಬುತ್ತಿ. ಅಪ್ಪನ ಮಾತನ್ನು ಅಕ್ಷರಶಃ ಹಿಡಿದುಕೊಂಡಿದ್ದರೆ ವೈನು ಕೆಡುವ ಅಪಾಯವಿತ್ತು. ಮಗ ಮಾತಿನ ಹಿಂದಿನ ಕಾರಣ ಹಿಡಿದುಕೊಂಡ.

ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು, ಆರೋಪಪಟ್ಟಿಯಲ್ಲಿ ಇಲ್ಲದ ವಿಷಯ. ಸಾಶಾ ಯಾವ ದ್ರಾಕ್ಷಿಗೆ ಎರಡು ವಾರ ಕೊಟ್ಟ ನೋಡಿ. ಶಾರ್ಡೊನೆ, ಪಿನೊ ಗ್ರಿಜೊ ಎರಡೂ ಫ್ರಾನ್ಸಿನ ಕಡೆಯಿಂದ ಬಂದು ಬೇರೂರಿದವು. ಜೊತೆಗೆ ಒಂದಿಷ್ಟು ಟೊಕಾಯ್. ಈ ಸಾಲಿಗೆ ರಿಬೊಲ್ಲಾ ತರಲಿಲ್ಲ. ಅಜ್ಜನ ದ್ರಾಕ್ಷಿ ಅಪ್ಪನ ಲೆಕ್ಕದಲ್ಲೇ, ಸಣ್ಣ ಕತ್ತಿನ ಬಾಟಲಿಯಲ್ಲೇ ಉಳಿದಿದೆ. ಯಾವುದು ಕಾಯಬೇಕಾದ ದ್ರಾಕ್ಷಿ, ಯಾವುದು ಬೇಗ ಮಾತಾಡುವ ದ್ರಾಕ್ಷಿ ಅಂತ ಅವನು ವಿಂಗಡಿಸಿದ. ಸಿಪ್ಪೆಯಿಲ್ಲದೆ ರಿಬೊಲ್ಲಾಕ್ಕೆ ಮಾತೇ ಬರಲ್ಲ. ಶಾರ್ಡೊನೆ ಹಾಗಲ್ಲ, ಅದರ ರಸಕ್ಕೇ ಒಂದು ಮಾತಿದೆ, ತೀರಾ ಜಾಸ್ತಿ ಹೊತ್ತು ಬಿಟ್ಟರೆ ಆ ಮಾತು ಒಗರಿನಡಿ ಹೂತುಹೋಗುತ್ತೆ. ಅಪ್ಪನ 'ಒಸ್ಲಾವಿಯೆ' ಅನ್ನುವ ವೈನು ಶಾರ್ಡೊನೆ, ಸೋವಿನ್ಯೋಂ ಬೆರಕೆಯದು, ಬಹಳ ದೊಡ್ಡ ವೈನು ಅದು, ಒಪ್ಪುತ್ತೇನೆ. ಆದರೆ ಅದರಲ್ಲಿ ನನಗೆ ಸಿಗುವುದು ದ್ರಾಕ್ಷಿಗಿಂತ ಹೆಚ್ಚಾಗಿ ಸ್ಟಾಂಕೊ. ಸ್ಲಾತ್ನಿಕ್‌ನಲ್ಲಿ ದ್ರಾಕ್ಷಿಯೂ ಸಿಗುತ್ತೆ, ಗುಡ್ಡವೂ ಸಿಗುತ್ತೆ.

ಇನ್ನು ಹೊಟ್ಟೆಪಾಡಿನ ಮಾತು. ಇದನ್ನು ಹೇಳಿದರೆ ವೈನ್ ರಸಿಕರಿಗೆ ಮುಜುಗರ. ಇವತ್ತು ಕೊಯ್ದ ದ್ರಾಕ್ಷಿಯ ದುಡ್ಡು ಐದಾರು ವರ್ಷಕ್ಕೆ ಬರುವ ಕಸುಬಿನಲ್ಲಿ ಒಂದು ಆಲಿಕಲ್ಲು ಮಳೆ ಸಾಕು. ಅಡಿಕೆ ತೋಟ ಇಟ್ಟವರಿಗೆ ಈ ಭಯ ಗೊತ್ತು, ಸಸಿ ನೆಟ್ಟು ಫಲ ಬರುವ ತನಕ ನಡುವೆ ಬಾಳೆ ಹಾಕಿಕೊಳ್ಳುತ್ತಾರೆ. ಬಾಳೆ ಹಾಕಿದರು ಅಂತ ಅಡಿಕೆಗೆ ದ್ರೋಹ ಮಾಡಿದರು ಅನ್ನುತ್ತೀವಾ? ಬಾಳೆ ಇದ್ದರೆ ಅಡಿಕೆ ಕಾಯೋಕಾಗುತ್ತೆ. ಸ್ಲಾತ್ನಿಕ್ ಬೇಗ ಮಾರಾಟವಾದರೆ ರಿಬೊಲ್ಲಾ ನಿಧಾನಕ್ಕೆ ಕೂರಬಹುದು. ಹಾಗಂತ ಸ್ಲಾತ್ನಿಕ್ ಬರೀ ಬಾಳೆ ಅಂತಲೂ ಅಲ್ಲ. 'ಅಪ್ಪನ ವೈನಿಗೆ ಮೊದಲ ಮೆಟ್ಟಿಲು' ಅಂತ ಹೊಗಳುವವರಿದ್ದಾರೆ, ಅದು ಹೊಗಳಿಕೆಯ ವೇಷದ ಅವಮಾನ. ಅದು ಮೆಟ್ಟಿಲಲ್ಲ, ಕೂತು ಊಟ ಮಾಡುವ ಜಗಲಿ.

ಸರಿ, ಆ ಉಳಿದ ಕಾಲು ಪಾಲು ಹೂಂ ಯಾಕೆ ವಾಪಸ್ ತಗೊಳ್ಳಲಿಲ್ಲ?

ಬಾಟಲಿಯ ವಿಷಯಕ್ಕೆ. ಅಲ್ಲಿ ನನಗೆ ಸಾಶಾನ ಮೇಲೆ ಸಣ್ಣ ಮುನಿಸಿದೆ. ದಿನವನ್ನು, ಗಂಧಕವನ್ನು ಬದಲಾಯಿಸೋಕೆ ವೈನಿನೊಳಗಿನ ಕಾರಣವಿತ್ತು. 750 ಮಿಲಿಲೀಟರಿಗೆ ಅಂಥ ಕಾರಣ ನನಗೆ ಕಾಣಲ್ಲ, ಅಂಗಡಿಯ ಕಪಾಟಿನ ಕಾರಣ ಮಾತ್ರ ಕಾಣುತ್ತೆ. ಒಬ್ಬರಿಗಿಷ್ಟು, ಇಬ್ಬರಿಗಿಷ್ಟು ಅನ್ನುವ ಅಪ್ಪನ ಆ ಮನೆಯ ಲೆಕ್ಕ ಬೇಗ ಕುಡಿಯುವ ವೈನಿಗೇ ಇನ್ನೂ ಚೆನ್ನಾಗಿ ಒಪ್ಪುತ್ತಿತ್ತು. ಇನ್ನೊಂದು, ಸಿವಿ ಕುಡಿದಾಗ ಅನ್ನಿಸಿದ್ದು. ಚೆಂದದ ಬಣ್ಣ, ಚೆಂದದ ವಾಸನೆ, ಮೊದಲ ಗುಟುಕಿಗೇ ಇಷ್ಟವಾಗಿಬಿಡುತ್ತೆ. ಅದೇ ನನ್ನ ತಕರಾರು. ರಿಬೊಲ್ಲಾ ಮೊದಲ ಗುಟುಕಿಗೆ ಇಷ್ಟವಾಗಲ್ಲ, ಮೂರನೇ ಗುಟುಕಿಗೆ ಬಿಡಲ್ಲ. ಸಿವಿಯ ಜೊತೆ ಆ ಜಗಳ ಆಗಲಿಲ್ಲ. ಜಗಳವಿಲ್ಲದ ಒಸ್ಲಾವಿಯಾ ನನಗೆ ಪೂರ್ತಿ ಒಸ್ಲಾವಿಯಾ ಅಲ್ಲ. ಇದು ರುಚಿಯ ಮಾತು, ನೀವು ಒಪ್ಪಬೇಕಿಲ್ಲ.

ಪಕ್ಕದ ಮನೆ ನೋಡಿದರೆ ಸಾಶಾ ಮಾಡಿದ್ದು ಇನ್ನೂ ಸ್ಪಷ್ಟವಾಗುತ್ತೆ. ಅದೇ ಒಸ್ಲಾವಿಯಾದಲ್ಲಿ ಯೋಸ್ಕೊ ಗ್ರಾವ್ನರ್ ಇದ್ದಾನೆ. 1987ರಲ್ಲಿ ಕ್ಯಾಲಿಫೋರ್ನಿಯಾ ನೋಡಿ ಬಂದು ಆಧುನಿಕ ವೈನಿನ ಮೇಲೆ ಜುಗುಪ್ಸೆ ಹುಟ್ಟಿಸಿಕೊಂಡವನು. 2000ದಲ್ಲಿ ಜಾರ್ಜಿಯಾಕ್ಕೆ ಹೋಗಿ, ಅಲ್ಲಿನವರು ನೆಲದಲ್ಲಿ ಹೂಳುವ ಮಣ್ಣಿನ ಹಂಡೆಗಳನ್ನು ನೋಡಿ ಬಂದು, 2001ರಿಂದ ಅವುಗಳಲ್ಲೇ ವೈನು ಮಾಡಿದ. ಬೆರಕೆಯ ಬಿಳಿ ವೈನು ಮಾಡುವುದನ್ನು 2012ರ ಸುಗ್ಗಿಗೆ ನಿಲ್ಲಿಸಿ, ಬಿಳಿಯಲ್ಲಿ ರಿಬೊಲ್ಲಾ ಒಂದನ್ನೇ ಇಟ್ಟುಕೊಂಡ. ಒಂದೊಂದನ್ನೇ ಕಳೆಯುತ್ತ ಹೋಗುವ ದಾರಿ ಅದು. ತಪಸ್ಸು. ನಮಸ್ಕಾರ ಮಾಡುತ್ತೇನೆ. ಆದರೆ ಊರಿನಲ್ಲಿ ಎಲ್ಲರೂ ತಪಸ್ಸಿಗೆ ಕೂತರೆ ಅಡುಗೆ ಮಾಡುವವರು ಯಾರು? ಸಾಶಾನ ದಾರಿ ಕೂಡಿಸುವ ದಾರಿ. ಅಪ್ಪನದನ್ನು ತೆಗೆಯದೆ ಅದರ ಪಕ್ಕ ತನ್ನದೊಂದನ್ನು ಇಟ್ಟ.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಅಪ್ಪ ಹಾಕಿದ ಆಲದಮರ ಅಂತ ಅದಕ್ಕೇ ನೇಣು ಹಾಕಿಕೊಂಡರಂತೆ. ಕಾಲದ ಜೊತೆ ನಡೆಯಿರಿ ಅಂತ ಬುದ್ಧಿ ಹೇಳುವವರು ಇದನ್ನು ಬಳಸುತ್ತಾರೆ. ನಾನು ಗಾದೆಯ ಇನ್ನೊಂದು ಮಗ್ಗುಲು ನೋಡುತ್ತೇನೆ. ನೇಣು ಹಾಕಿಕೊಳ್ಳಬಾರದು, ಸರಿ. ಹಾಗಂತ ಮರ ಕಡಿಯಬೇಕು ಅಂತ ಗಾದೆ ಹೇಳಲ್ಲ. ನೆರಳಲ್ಲಿ ಕೂತುಕೊಳ್ಳಬಹುದು, ಬಿಳಲು ಹಿಡಿದು ಜೋಕಾಲಿ ಆಡಬಹುದು. ಆಲದ ಬಿಳಲು ನೆಲಕ್ಕಿಳಿದರೆ ಅದೇ ಇನ್ನೊಂದು ಕಾಂಡವಾಗುತ್ತೆ, ಮೂಲ ಮರ ಯಾವುದು ಅಂತ ಆಮೇಲೆ ಹುಡುಕಬೇಕು.

ಬರುವ ಹಿಂದಿನ ರಾತ್ರಿ ಗೆಳೆಯ ಮತ್ತೆ ಬಾಟಲಿ ತಂದಿದ್ದ. ಅನ್ನ, ತೊವ್ವೆ, ಊರಿನಿಂದ ಬಂದ ಮಾವಿನ ಮಿಡಿ ಉಪ್ಪಿನಕಾಯಿ. ತಂದದ್ದು ಯಾವುದು ಅಂತ ನೋಡಿದರೆ ಸ್ಲಾತ್ನಿಕ್.

"ನೀರು ಮಾಡಿದಾನೆ ಅಂದಿದ್ದೆ?"

"ಊಟದ ಜೊತೆ ಇದೇ ಚೆನ್ನಾಗಿರತ್ತೆ ಕಣೋ," ಅಂದ, ಸ್ವಲ್ಪ ನಾಚಿಕೊಂಡು.

ಮಿಡಿ ಉಪ್ಪಿನಕಾಯಿಯ ಸೊನೆಯ ಒಗರಿಗೂ ವೈನಿನ ಒಗರಿಗೂ ಅದ್ಯಾವ ನಂಟೋ, ಎರಡೂ ಒಂದನ್ನೊಂದು ಬಿಟ್ಟುಕೊಡಲಿಲ್ಲ. ಬಾಟಲಿ ಖಾಲಿಯಾದಾಗ ಇಬ್ಬರಿಗೂ ಇನ್ನೊಂದು ಲೋಟ ಬೇಕಿತ್ತು. ಒಂದು ಲೀಟರಿನ ಬಾಟಲಿ ಇರಬೇಕಿತ್ತು ಅಂತ ಸ್ಟಾಂಕೊನನ್ನು ನೆನೆಸಿಕೊಂಡೆವು.